ಪ್ರತಿ ಪುಟಕ್ಕೂ ಮೇಷ್ಟ್ರ ಸಹಿ

ಜೂನ್ 4

ಅಕ್ಕಾ,

ನಮಸ್ಕಾರ. ನಾನು ಯಾರು ಅಂತ ನಿಮಗೆ ಗೊತ್ತಿಲ್ಲ. ನಿಮ್ಮ ಬಗ್ಗೆ ಮಾತ್ರ ನನಗೆ ತುಂಬಾ ಗೊತ್ತು. ಹೆದರ್ಕೋಬೇಡಿ, ಕೆಟ್ಟ ರೀತೀಲಿ ಅಲ್ಲ. ನೀವು ಬಿಟ್ಟುಹೋದ ಕಾಲೇಜಿನಲ್ಲೇ, ಅದೇ ಮಣ್ಣು ಪರೀಕ್ಷೆ ವಿಭಾಗದಲ್ಲಿ, ನಾನು ಮೂರನೇ ಸೆಮಿಸ್ಟರ್ ಮುಗಿಸ್ತಾ ಇದೀನಿ. ನಿಮ್ಮ ತಂದೆ ನಮ್ಮ ಮೇಷ್ಟ್ರು. ಹಿಂದಿನಿಂದ ಜರಡಿ ಮೇಷ್ಟ್ರು ಅಂತೀವಿ, ಅದು ಅವರಿಗೂ ಗೊತ್ತು. ಹೋದ ವರ್ಷ ಹಾಸ್ಟೆಲ್ ಸಿಗದೆ ಒದ್ದಾಡ್ತಿದ್ದಾಗ ಅವರೇ ಕರ್ಕೊಂಡು ಬಂದು ಮನೆ ಮೇಲಿನ ರೂಮು ಕೊಟ್ಟರು. ಅಂದ್ರೆ ನಿಮ್ಮ ರೂಮು. ಕಿಟಕಿ ಪಕ್ಕದ ಗೋಡೆ ಮೇಲೆ ನೀವು ಪೆನ್ಸಿಲ್‌ನಲ್ಲಿ ಬರೆದ ಸೂತ್ರಗಳು ಹಾಗೇ ಇವೆ. ಒಂದರಲ್ಲಿ ತಪ್ಪಿದೆ. ನಾನು ತಿದ್ದಿಲ್ಲ. ನಿಮ್ಮ ಅಮ್ಮ ನನ್ನನ್ನ ‘ಮೇಲಿನವನು’ ಅಂತಾರೆ. ‘ಮೇಲಿನವನು ಇನ್ನೂ ಎದ್ದಿಲ್ಲವೇನ್ರೀ’ ಅಂತ ಅವರು ಕೂಗಿದ್ರೆ ಪಕ್ಕದ ಮನೆಯವರು ದೇವರ ವಿಷಯ ಅಂದ್ಕೋತಾರೆ.

ವಿಷಯಕ್ಕೆ ಬರ್ತೀನಿ. ಬೇರೆ ಕಾಲೇಜಿಗೆ ವರ್ಗಾವಣೆ ಆಗೋಕೆ ಒದ್ದಾಡೋ ಹುಡುಗರದ್ದು ಆನ್‌ಲೈನ್‌ನಲ್ಲಿ ಒಂದು ದೊಡ್ಡ ಥ್ರೆಡ್ ಇದೆ, ‘ನನ್ನ ಚಾನ್ಸ್ ಎಷ್ಟು’ ಅಂತ. ನಾನು ದಿನಾ ಅದರಲ್ಲೇ ಬಿದ್ದಿರ್ತೀನಿ. ನಿಮ್ಮ ವಿಶ್ವವಿದ್ಯಾಲಯಕ್ಕೆ ಹೋದ ವರ್ಷ ಸಾವಿರದ ನೂರ ಅರವತ್ಮೂರು ಜನ ವರ್ಗಾವಣೆ ಕೇಳಿದ್ರಂತೆ, ತಗೊಂಡದ್ದು ಒಂಬತ್ತು ಜನರನ್ನ. ಅದರ ಹಿಂದಿನ ವರ್ಷದ ಹನ್ನೊಂದರಲ್ಲಿ ನೀವು ಒಬ್ಬರು. ನಮ್ಮ ಕಾಲೇಜಿನಿಂದ ಇವತ್ತಿನವರೆಗೆ ಅಲ್ಲಿಗೆ ಹೋಗಿರೋದು ನೀವೊಬ್ಬರೇ. ಥ್ರೆಡ್ಡಿನಲ್ಲಿ ನಿಮ್ಮ ಹಳೇ ಪೋಸ್ಟು ನಾಲ್ಕೇ ಸಾಲಿದೆ, ನನಗೆ ಬಾಯಿಪಾಠ. ಅಲ್ಲೇ ಮೂರು ಸಲ ಮೆಸೇಜ್ ಮಾಡಿದೆ, ಹೋಗಲಿಲ್ಲ. ವಿಳಾಸ ನಿಮ್ಮ ಅಮ್ಮ ಕೊಟ್ಟರು. ಮೇಷ್ಟ್ರಿಗೆ ಹೇಳಬೇಡ ಅಂದ್ರು.

ನನ್ನ ಲೆಕ್ಕ ಇದು. ಒಟ್ಟು ಹತ್ತಕ್ಕೆ ಒಂಬತ್ತು ಪಾಯಿಂಟ್ ಒಂದು. ಲ್ಯಾಬಿನಲ್ಲಿ ಒಂಬತ್ತು ಪಾಯಿಂಟ್ ಎಂಟು. ಮೂವತ್ತೆಂಟು ಜನರ ಕ್ಲಾಸಿನಲ್ಲಿ ಎರಡನೇ ರ್‍ಯಾಂಕು. ರಸಪ್ರಶ್ನೆಯಲ್ಲಿ ಒಂದು ಬಹುಮಾನ. ನಮ್ಮಪ್ಪ ರಸ್ತೆ ಕೆಲಸದ ಮೇಸ್ತ್ರಿ. ಗುಡ್ಡದ ಪಕ್ಕದ ಮಣ್ಣು ನಿಲ್ಲತ್ತೋ ಜಾರತ್ತೋ ಅಂತ ಬೂಟಿನಲ್ಲಿ ಒದ್ದು ನೋಡಿ ಹೇಳ್ತಾರೆ. ಎರಡು ಸಲ ಅವರ ಮಾತು ತಪ್ಪಾಗಿದೆ, ಎರಡನೇ ಸಲ ಕೆಳಗೆ ಜನ ಇದ್ದರು. ನನಗೆ ಅದನ್ನ ಲೆಕ್ಕ ಹಾಕಿ ಹೇಳೋದು ಕಲೀಬೇಕು. ಅದಕ್ಕೆ ಬೇಕಾದ ಮಶೀನುಗಳು ನಿಮ್ಮಲ್ಲಿ ಬಿಟ್ಟರೆ ಎಲ್ಲೂ ಇಲ್ಲ.

ಮುಚ್ಚುಮರೆ ಇಲ್ಲದೆ ಹೇಳಿ ಅಕ್ಕಾ. ನನ್ನ ಚಾನ್ಸ್ ಎಷ್ಟು?

ಇಂತಿ ನಿಮ್ಮ ಅಭಿಮಾನಿ,
ಮೇಲಿನವನು


ಜೂನ್ 19

ಮೇಲಿನವನೇ,

ನನ್ನನ್ನ ಅಕ್ಕಾ ಅನ್ನಬೇಡ. ನನಗೆ ತಮ್ಮ ಇರಲಿಲ್ಲ, ಬೇಕು ಅಂತಲೂ ಅನ್ಸಿರಲಿಲ್ಲ. ಚಾಟಿನಲ್ಲಿ ಹುಡುಕಬೇಡ. ಸ್ಕ್ರೀನ್‌ಶಾಟ್ ಹೊಡೆದು ಥ್ರೆಡ್ಡಿಗೆ ಹಾಕೋ ಪೈಕಿ ನೀನು ಅಂತ ನಿನ್ನ ಮೊದಲ ಪ್ಯಾರಾದಲ್ಲೇ ಗೊತ್ತಾಯ್ತು. ಏನಿದ್ದರೂ ಕಾಗದದಲ್ಲಿ ಬರಿ.

ನಿನ್ನ ಚಾನ್ಸು ನೂರಕ್ಕೆ ಎರಡು. ನಾನು ವಾರಕ್ಕೆ ಮೂರು ಮಧ್ಯಾಹ್ನ ಇಲ್ಲಿನ ಪ್ರವೇಶ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಫೈಲು ಜೋಡಿಸ್ತೀನಿ. ಹಾಗಾಗಿ ಇದು ಊಹೆ ಅಲ್ಲ. ಒಂಬತ್ತಕ್ಕಿಂತ ಕಮ್ಮಿ ಇರೋ ಫೈಲು ಕೈಗೆ ಬಂದ್ರೆ ಯಾರೋ ದಾರಿ ತಪ್ಪಿ ಬಂದಿದಾರೆ ಅನ್ಸತ್ತೆ. ಎರಡನೇ ರ್‍ಯಾಂಕು ಅಂದ್ರೆ, ಮೊದಲನೆಯವನು ಯಾಕೆ ಅರ್ಜಿ ಹಾಕಿಲ್ಲ ಅಂತ ಕೇಳ್ತಾರೆ. ರಸಪ್ರಶ್ನೆ ವಿಷಯ ಬರೀಬೇಡ, ನಗ್ತಾರೆ. ನಾನು ನಕ್ಕೆ. ನಿಮ್ಮಪ್ಪನ ಬೂಟು ಪರವಾಗಿಲ್ಲ, ಇಟ್ಕೋ.

ನಿಯಮ ಓದಿದೀಯೋ ಇಲ್ಲವೋ. ಅರ್ಜಿ ಜೀವಮಾನದಲ್ಲಿ ಒಂದೇ ಸಲ ಹಾಕಬಹುದು. ಅದರ ಜೊತೆ ಮೂರು ಪುಟದ ಪ್ರಬಂಧ, ಕೈಬರಹದಲ್ಲಿ. ನಿನ್ನ ವಿಭಾಗದ ಮೇಷ್ಟ್ರು ಒಬ್ಬರು ಅದನ್ನ ಓದಿ, ‘ಇದರಲ್ಲಿರುವುದು ನಿಜ’ ಅಂತ ಪ್ರತಿ ಪುಟಕ್ಕೂ ಸಹಿ ಹಾಕಿ, ತಾವೇ ಕವರಿಗೆ ಅಂಟಿಸಿ ಕಳಿಸಬೇಕು. ನಿಮ್ಮ ವಿಭಾಗದಲ್ಲಿ ಕಾಯಂ ಮೇಷ್ಟ್ರು ಅಂತ ಇರೋದು ಒಬ್ಬರೇ. ಯಾರು ಅಂತ ನಿನಗೆ ಗೊತ್ತು.

ಮಾರ್ಕ್ಸು ಎಲ್ಲರಿಗೂ ಇರತ್ತೆ. ಆರಿಸೋದು ಪ್ರಬಂಧ ನೋಡಿ. ಬರೆದು ಕಳಿಸು. ಸಹಿಗೆ ಮುಂಚೆ ನನಗೆ.

ಮೇಷ್ಟ್ರ ಮಗಳು

ಯಾವ ಸೂತ್ರದಲ್ಲಿ ತಪ್ಪಿದೆ ಅಂತ ಬರಿ. ಸುಮ್ಮನೆ ಜಂಬ ಬೇಡ.


ಜುಲೈ 2

ಅಕ್ಕಾ (ಬಾಯಿಗೆ ಬಂದುಬಿಡತ್ತೆ, ಕ್ಷಮಿಸಿ),

ಎರಡು ಅಂತ ಓದಿ ಖುಷಿಯಾಯ್ತು. ಥ್ರೆಡ್ಡಿನಲ್ಲಿ ‘ಸೊನ್ನೆ, ಹೋಗಿ ಮಲ್ಕೋ’ ಅಂದಿದ್ದರು. ಮೂರನೇ ಸೂತ್ರದಲ್ಲಿ ಭಾಗಿಸೋ ಕಡೆ ಗುಣಿಸಿದೀರಿ. ಜಂಬ ಅಲ್ಲ, ನಿಮಗೂ ತಪ್ಪಾಗತ್ತೆ ಅಂತ ನೋಡಿ ಧೈರ್ಯ ಬಂದಿತ್ತು.

ಪ್ರಬಂಧ ಬರೆದೆ. ಮುಖ್ಯ ಭಾಗ ಇಲ್ಲಿ ನಕಲು ಮಾಡ್ತೀನಿ:

‘ನಮ್ಮ ಪ್ರಯೋಗಾಲಯದಲ್ಲಿ ಎರಡು ಕಿಟಕಿ, ಒಂದು ತಕ್ಕಡಿ, ಹದಿಮೂರು ಜರಡಿಗಳಿವೆ. ನಾನು ಎರಡನೇ ಸೆಮಿಸ್ಟರಿನಲ್ಲಿದ್ದಾಗ ಮಣ್ಣು ಒಣಗಿಸುವ ಓವನ್ ಕೆಟ್ಟಿತು. ರಿಪೇರಿಗೆ ಕಾಲೇಜು ಏಳು ತಿಂಗಳು ತೆಗೆದುಕೊಂಡಿತು. ಆ ಏಳು ತಿಂಗಳೂ ನಮ್ಮ ಗುರುಗಳು ಮಣ್ಣನ್ನು ತಗಡಿನ ಮೇಲೆ ತೆಳ್ಳಗೆ ಹರಡಿ ಬಿಸಿಲಿಗಿಟ್ಟು, ಗಂಟೆಗೊಮ್ಮೆ ತೂಗಿಸಿ, ತೂಕ ಇಳಿಯುವುದು ನಿಂತ ಮೇಲಷ್ಟೇ ನಮ್ಮನ್ನು ಮನೆಗೆ ಬಿಡುತ್ತಿದ್ದರು. ಓವನ್ ಬಂದ ಮೇಲೆ ಹೋಲಿಸಿ ನೋಡಿದೆವು. ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿರಲಿಲ್ಲ. ಭಾನುವಾರವೂ ಪ್ರಯೋಗಾಲಯ ತೆರೆದಿರುತ್ತದೆ. ನಿಮ್ಮಲ್ಲಿ ಈಗ ಓದುತ್ತಿರುವ ನಮ್ಮ ಹಿರಿಯ ವಿದ್ಯಾರ್ಥಿನಿ ಇದೇ ತಕ್ಕಡಿಯಲ್ಲಿ, ಇದೇ ಗುರುಗಳ ಕೈಕೆಳಗೆ ಕಲಿತವರು. ನನಗೂ ಅದೇ ದಾರಿ ಬೇಕು.’

ಕೊನೇ ಎರಡು ಸಾಲು ಬರೆಯುವಾಗ ಮೈ ಜುಂ ಅಂತು, ಸತ್ಯವಾಗಿ.

ಮೇಷ್ಟ್ರಿಗೆ ಇನ್ನೂ ತೋರಿಸಿಲ್ಲ. ಅರ್ಜಿ ಹಾಕ್ತೀನಿ ಅಂತ ಮಾತ್ರ ಹೇಳಿದೆ. ಜರಡಿ ತೊಳೀತಾ ಇದ್ರು. ‘ಹಾಕು’ ಅಂದ್ರು. ಜರಡಿ ತಿರುಗಿಸಿ ನೀರಿಗೆ ಹಿಡಿದು ‘ಎಲ್ಲಿಗೆ’ ಅಂದ್ರು. ಹೇಳಿದೆ. ಕೈಲಿದ್ದ ಜರಡಿ ತೊಳೆದಾಗಿತ್ತು, ಅದನ್ನೇ ಇನ್ನೊಂದು ಸಲ ತೊಳೆದ್ರು.

ಈಗ ಎಷ್ಟು? ಐದಾದ್ರೂ ಆಯ್ತಾ?

ಮೇಲಿನವನು


ಜುಲೈ 13

ಮೇಲಿನವನೇ,

ಸೊನ್ನೆ.

ನನ್ನ ಬಗ್ಗೆ ಬರೆದ ಸಾಲು ತೆಗಿ. ತಗಡು, ಬಿಸಿಲು, ಭಾನುವಾರ, ಎಲ್ಲಾ ತೆಗಿ. ನೀನು ಬರೆದಿರೋದು ಪ್ರಬಂಧ ಅಲ್ಲ, ಮೇಷ್ಟ್ರ ನಿವೃತ್ತಿ ಸಮಾರಂಭದ ಭಾಷಣ. ಇಷ್ಟು ಒಳ್ಳೇ ಮೇಷ್ಟ್ರು, ಇಷ್ಟು ಒಳ್ಳೇ ಲ್ಯಾಬು ಇದ್ದರೆ ಅಲ್ಲೇ ಇರಪ್ಪ, ಇಲ್ಲಿಗ್ಯಾಕೆ ಬರ್ತೀಯ ಅಂತಾರೆ. ಈ ಸಮಿತಿಗೆ ಯಾರ ಕೈಯೂ ಹಿಡಿಯದೆ ಮೇಲೆ ಬಂದವರು ಬೇಕು. ಅವರೇ ಮೊದಲ ಕೈ ಕೊಟ್ಟ ಹಾಗಿರಬೇಕು. ಅದು ಅವರ ಖುಷಿ.

ನನ್ನ ಪ್ರಬಂಧದಲ್ಲಿ ಏನಿತ್ತು ಅಂತ ಯಾರಿಗೂ ಹೇಳಿಲ್ಲ. ನಿನಗೆ ಹೇಳ್ತಿರೋದು ವಿಶ್ವಾಸದಿಂದ ಅಲ್ಲ, ಬೇರೆ ದಾರಿ ಇಲ್ಲ ಅಂತ. ನಾಲ್ಕು ಸೆಮಿಸ್ಟರೂ ಲ್ಯಾಬಿಗೆ ಬೀಗ ಇತ್ತು ಅಂತ ಬರೆದೆ. ಬೀಗದ ಕೈ ಮೇಷ್ಟ್ರ ಜೇಬಿನಲ್ಲಿ. ಕೇಳಿದ್ರೆ ‘ಪುಸ್ತಕ ಇದೆಯಲ್ಲ’ ಅನ್ನೋರು. ಅಡುಗೆಮನೆ ಜರಡಿ ಕದ್ದು, ಅಂಗಳದ ಮಣ್ಣು ಸೋಸಿ ನಾನೇ ಕಲಿತೆ. ಆ ಮೇಷ್ಟ್ರು ನಮ್ಮಪ್ಪ ಅಂತ ಬರೀಲಿಲ್ಲ. ಸಹಿ ನೋಡಿ ಯಾರೂ ಕೇಳಲೂ ಇಲ್ಲ.

ಸಹಿ ಹಾಕಬೇಕಾದವರು ಅವರೊಬ್ಬರೇ ಇದ್ದರು. ಊಟದ ಮೇಜಿನ ಮೇಲೆ ಇಟ್ಟೆ. ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು. ‘ಅಡುಗೆಮನೆ ಜರಡಿ ತೂತು ಎಷ್ಟು ಮೈಕ್ರಾನ್ ಬರತ್ತೆ’ ಅಂತ ಕೇಳಿದ್ರು. ಮೂರೂ ಪುಟಕ್ಕೆ ಸಹಿ ಹಾಕಿದ್ರು. ಅವತ್ತಿಂದ ನಾವು ಮಾತಾಡಿಲ್ಲ. ಎರಡು ವರ್ಷ ಆಯ್ತು.

ಈಗ ನಿನ್ನ ಹಣೆಬರಹ ಕೇಳು. ಒಂದೇ ಕಾಲೇಜಿನ ಫೈಲುಗಳನ್ನ ಒಟ್ಟಿಗೆ ಕಟ್ಟಿ ಸಮಿತಿಗೆ ಕೊಡ್ತಾರೆ. ಕಟ್ಟೋದು ನಾನೇ. ನನ್ನದರಲ್ಲಿ ನಾಲ್ಕು ಸೆಮಿಸ್ಟರ್ ಬೀಗ, ನಿನ್ನದರಲ್ಲಿ ಭಾನುವಾರವೂ ಬಾಗಿಲು ತೆರೆದಿದೆ. ಮೇಷ್ಟ್ರೂ ಅವರೇ, ಸಹಿಯೂ ಒಂದೇ. ಇಬ್ಬರಲ್ಲಿ ಒಬ್ಬರು ಸುಳ್ಳು. ಒಬ್ಬಳು ಆಗಲೇ ಒಳಗಿದಾಳೆ, ಅವಳ ಮಾರ್ಕ್ಸು ಈಗ ಇಲ್ಲಿನವರೇ ಹಾಕೋದು. ಯಾರನ್ನ ನಂಬ್ತಾರೆ, ನೀನೇ ಹೇಳು.

ನಾನು ಬರೆದ ಹಾಗೆ ಬರಿ. ಒಂದೇ ಕಾಲೇಜಿನಿಂದ ಇಬ್ಬರು ಒಂದೇ ಮಾತು ಹೇಳಿದ್ರೆ ಅದು ನಿಜ ಆಗತ್ತೆ. ಆಗ ನಿನ್ನ ಚಾನ್ಸು ನಲವತ್ತು.

ಮೇಷ್ಟ್ರ ಮಗಳು


ಜುಲೈ 24

ನಿಮ್ಮ ಪತ್ರ ಬಂದು ನಾಲ್ಕು ದಿನ ಆಯ್ತು. ಏನಂತ ಕರೀಬೇಕೋ ಗೊತ್ತಾಗಲಿಲ್ಲ, ಅದಕ್ಕೆ ಹಾಗೇ ಶುರು ಮಾಡ್ತಿದೀನಿ.

ಲ್ಯಾಬಿಗೆ ಬೀಗ ಇದ್ದದ್ದನ್ನ ನಾನು ನೋಡಿಲ್ಲ. ಬೆಳಿಗ್ಗೆ ಏಳೂವರೆಗೆ ನಾನು ಹಲ್ಲುಜ್ಜುವಾಗ ಅವರು ಅಲ್ಲಿಗೆ ಹೊರಟಿರ್ತಾರೆ. ಆದ್ರೆ ನಿಮ್ಮ ಕಾಲ ನನಗೆ ಗೊತ್ತಿಲ್ಲವಲ್ಲ, ಅದಕ್ಕೆ ನೇರ ಕೇಳಿಬಿಡೋಣ ಅಂತ ಊಟಕ್ಕೆ ಕೂತಾಗ ಕೇಳಿದೆ.

‘ಸಾರ್, ನಮ್ಮ ಲ್ಯಾಬು ಯಾವಾಗಲಾದ್ರೂ ತುಂಬಾ ದಿನ ಬೀಗ ಹಾಕಿತ್ತಾ?’

‘ಯಾರು ಹೇಳಿದ್ದು?’

‘ಸೀನಿಯರ್ಸು.’

ಅವರು ನೀರು ಕುಡಿದು, ಲೋಟ ಕೆಳಗಿಟ್ಟು, ‘ಇತ್ತು. ನೀನು ಬರೋಕೆ ಮುಂಚೆ. ತುಂಬಾ ದಿನ’ ಅಂದ್ರು.

ಅಮ್ಮ ಪಾತ್ರೆ ತೊಳೀತಿದ್ದೋರು ಅಲ್ಲಿಂದಲೇ ‘ಸುಳ್ಳು ಹೇಳೋಕೂ ಒಂದು ಮಿತಿ ಬೇಡವೇನ್ರೀ’ ಅಂದ್ರು. ಮೇಷ್ಟ್ರು ತಿರುಗಿ ನೋಡಿದ್ರು. ಅಮ್ಮ ನಲ್ಲಿ ಜೋರಾಗಿ ಬಿಟ್ಟರು.

ನನಗೆ ಒಂದು ಡೌಟು. ಬೀಗ ಇತ್ತು ಅಂತ ಅವರೇ ಒಪ್ಕೊಂಡ ಮೇಲೆ ಅದು ಪೂರ್ತಿ ಸುಳ್ಳು ಅಂತ ಹೇಳೋಕಾಗಲ್ಲ, ಅಲ್ವಾ? ಹಂಗೆ ಅಂದ್ಕೋಬಹುದಾ? ಥ್ರೆಡ್ಡಿನಲ್ಲಿ ಯಾರ ವಿಷಯ ಅಂತ ಹೇಳದೆ ಕೇಳಿದೆ. ‘ಮೇಷ್ಟ್ರ ಮೇಲೆ ಬರೆದ್ರೆ ಸೀಟು ಸಿಗೋ ಹಾಗಿದ್ರೆ ನಮ್ಮಪ್ಪನ ಮೇಲೂ ಬರೀತೀನಿ’ ಅಂತ ಒಬ್ಬ ಹಾಕಿದ. ಅರವತ್ತೆಂಟು ಜನ ನಕ್ಕಿದ್ರು.

ಬೂಟಿನಲ್ಲಿ ಒದ್ದು ನೋಡೋ ನಮ್ಮಪ್ಪನೇ ಸುಖಿ ಅನ್ಸತ್ತೆ ಕೆಲವು ಸಲ. ನಲವತ್ತು ಅನ್ನೋದು ಖಚಿತವಾ?

ಮೇಲಿನವನು


ಆಗಸ್ಟ್ 3

ಥ್ರೆಡ್ಡಿನಲ್ಲಿ ಕೇಳಿದೀಯ. ಮಹರಾಯ. ಅರವತ್ತೊಂಬತ್ತನೆಯವಳು ನಾನು ಅಂತ ಬರ್ಕೋ, ಯಾಕಂದ್ರೆ ನಾನೂ ನಕ್ಕೆ.

ನಲವತ್ತು ಖಚಿತ. ಅರ್ಜಿಗೆ ಕೊನೇ ದಿನ ಆಗಸ್ಟ್ ಮೂವತ್ತೊಂದು, ಅದು ಕಳೆದ ಮೇಲೆ ಸೊನ್ನೆ. ಅದೂ ಖಚಿತ.

ನಿನಗೆ ನೋವು ಯಾಕೆ ಅಂತ ನನಗೆ ಗೊತ್ತು. ಅವರು ನಿನಗೆ ರೂಮು ಕೊಟ್ಟರು, ಊಟ ಹಾಕಿದ್ರು, ಜೊತೆ ಕೂರಿಸಿಕೊಂಡು ತೂಗೋದು ಕಲಿಸಿದ್ರು. ನೀನು ಜಾಣ ಅಂತ ಅಂದ್ಕೊಂಡಿದೀಯ. ನಾನೂ ಹಾಗೇ ಅಂದ್ಕೊಂಡಿದ್ದೆ, ನನಗೆ ಒಂಬತ್ತು ವರ್ಷ ಆಗಿದ್ದಾಗಿಂದ. ಭಾನುವಾರ ಬಾಗಿಲು ತೆಗೆದಿರತ್ತೆ ಅಂತ ಬರೆದಿದೀಯಲ್ಲ, ಆ ಭಾನುವಾರ ಹದಿಮೂರು ಜರಡಿ ಬ್ರಶ್ಶು ಹಾಕಿ ತೊಳೆಯೋರು ಯಾರು? ಮಾದರಿ ಮಣ್ಣಿನ ಚೀಲ ಮೂರನೇ ಮಹಡಿಗೆ ಹೊರೋರು ಯಾರು? ನನ್ನ ಓರಗೆಯವರು ಸಿನಿಮಾ ನೋಡ್ತಿದ್ದಾಗ ನಾನು ಜರಡಿ ಅಲ್ಲಾಡಿಸ್ತಿದ್ದೆ. ಹತ್ತು ನಿಮಿಷ ಅಂದ್ರೆ ಹತ್ತೇ ನಿಮಿಷ, ಗಡಿಯಾರ ಹಿಡ್ಕೊಂಡು ನಿಂತಿರೋರು. ನನ್ನ ಭುಜ ಇವತ್ತಿಗೂ ಒಂದು ಕಡೆ ಇಳಿದಿದೆ. ಬೀಗ ಇತ್ತು ಅಂತ ಬರೆದದ್ದು ಸುಳ್ಳು. ನಿಜ ಬರೆದಿದ್ರೆ ಇದಕ್ಕಿಂತ ಕೆಟ್ಟದಾಗಿರ್ತಿತ್ತು.

ಈ ಸಾಲುಗಳನ್ನ ಇಳಿಸ್ಕೋ, ಮಿಕ್ಕಿದ್ದನ್ನ ನೀನು ತುಂಬಿಸು:

‘ನಾಲ್ಕು ಸೆಮಿಸ್ಟರುಗಳಲ್ಲಿ ಪ್ರಯೋಗಾಲಯದ ಬಾಗಿಲು ನಮಗಾಗಿ ತೆರೆದದ್ದನ್ನು ನಾನು ನೋಡಿಲ್ಲ. ಬೀಗದ ಕೈ ಇದ್ದವರಿಗೆ ಅದು ಅಲಂಕಾರವಾಗಿತ್ತು. ಕಲಿಸುವವರಿಲ್ಲದ ಕಡೆ ಕಲಿಯುವುದು ಹೇಗೆಂದು ನಾನು ಕಲಿತೆ.’

ಕೊನೇ ವಾಕ್ಯ ಓದಿ ಸಮಿತಿಯ ಒಬ್ಬ ಹೆಂಗಸು ಕನ್ನಡಕ ತೆಗೆದು ಒರೆಸಿಕೊಂಡಳಂತೆ. ನಿನಗೂ ಕೆಲಸ ಮಾಡತ್ತೆ. ಹಳೇ ಫೈಲಿನ ಸಾರಾಂಶ ಮಾತ್ರ ಓದ್ತಾರೆ, ವಾಕ್ಯ ಹೋಲಿಸಿ ನೋಡೋರು ಯಾರೂ ಇಲ್ಲ.

ಮೇಷ್ಟ್ರ ಮಗಳು


ಆಗಸ್ಟ್ 22

ಸಹಿ ಆಯ್ತು, ಹೋದ ವಾರವೇ.

ಮನೇಲಿ ಕೊಡೋ ಧೈರ್ಯ ಆಗಲಿಲ್ಲ, ಮಧ್ಯಾಹ್ನ ಲ್ಯಾಬಿಗೇ ತಗೊಂಡು ಹೋದೆ. ಮೇಷ್ಟ್ರು ಒಬ್ಬರೇ ಇದ್ರು. ‘ಕೂತ್ಕೋ’ ಅಂದ್ರು. ನಾನು ನಿಂತೇ ಇದ್ದೆ. ಮೊದಲ ಪುಟ ಬೇಗ ಓದಿದ್ರು, ಅದರಲ್ಲಿ ನಮ್ಮಪ್ಪನ ಬೂಟಿದೆ. ಅಲ್ಲಿ ಒಂಚೂರು ನಕ್ಕರು ಕೂಡ. ಎರಡನೇ ಪುಟಕ್ಕೆ ಬಂದಾಗ ಫ್ಯಾನ್ ಆಫ್ ಮಾಡಿದ್ರು, ಹಾಳೆ ಹಾರ್ತಿತ್ತು.

‘ಈ ವಾಕ್ಯ ನಿನ್ನದಾ?’

‘ಹೂಂ ಸಾರ್.’

‘ಚೆನ್ನಾಗಿದೆ. ಮುಂಚೆ ಎಲ್ಲೋ ಓದಿದ ಹಾಗಿದೆ.’

ಬೈತಾರೆ, ಈಗ ಬೈತಾರೆ ಅಂತ ಕಾಯ್ತಿದ್ದೆ. ಅವರು ಪೆನ್ನಿನ ತುದೀಲಿ ಒಂದು ಕಡೆ ತಟ್ಟಿದ್ರು.

‘ಇಲ್ಲಿ ನಾಲ್ಕು ಸೆಮಿಸ್ಟರ್ ಅಂತ ಇದೆ. ನಿಂದು ಆಗಿರೋದು ಮೂರು. ಮಾರ್ಕ್ಸ್ ಕಾರ್ಡಿನಲ್ಲೂ ಮೂರೇ ಇರತ್ತೆ. ಇಂಥದರಲ್ಲೇ ಸಿಕ್ಕಿಬೀಳೋದು.’

ನಿಮ್ಮ ಸಾಲನ್ನ ಹಾಗೇ ಇಳಿಸಿಬಿಟ್ಟಿದ್ದೆ. ನಿಂತಲ್ಲೇ ತಿದ್ದೋಕೆ ಹೋದೆ, ಮಸಿ ಹರಡ್ತು.

‘ಹೀಗೆ ಕಳಿಸಬಾರದು. ಹೊಸ ಹಾಳೇಲಿ ಬರಿ. ಇಲ್ಲೇ ಬರಿ, ನಾನು ಕಾಯ್ತೀನಿ.’

ಅವರ ಎದುರಿಗೇ ಕೂತು ಆ ಪುಟ ಪೂರ್ತಿ ಇನ್ನೊಂದು ಸಲ ಬರೆದೆ. ಬೀಗದ ಕೈ ಇದ್ದವರಿಗೆ ಅದು ಅಲಂಕಾರವಾಗಿತ್ತು ಅನ್ನೋದನ್ನ ಬರೀವಾಗ ಅವರು ಎದ್ದು ಹೋಗಿ ನನಗೆ ನೀರು ತಂದುಕೊಟ್ಟರು. ಆಮೇಲೆ ಮೂರು ಪುಟಕ್ಕೂ ‘ಇದರಲ್ಲಿರುವುದು ನಿಜ’ ಅಂತ ಬರೆದು ಸಹಿ ಹಾಕಿದ್ರು. ಕವರಿಗೆ ಅಂಟು ಹಚ್ಚಿ ಅಂಗೈಯಲ್ಲಿ ಒತ್ತಿದ್ರು. ‘ನಾನೇ ಪೋಸ್ಟಿಗೆ ಹಾಕ್ತೀನಿ, ನೀನು ತಿಂಡಿ ತಿನ್ನು ಹೋಗು’ ಅಂದ್ರು.

ಅವತ್ತಿಂದ ಏನೂ ಬದಲಾಗಿಲ್ಲ. ಅದೇ ತಡ್ಕೊಳೋಕಾಗ್ತಿಲ್ಲ. ಎರಡು ಬಾರಿಸಿದ್ರೆ ಚೆನ್ನಾಗಿರ್ತಿತ್ತು. ಅಮ್ಮ ಮಾತ್ರ ‘ಮೇಲಿನವನು’ ಅನ್ನೋದು ಬಿಟ್ಟು ‘ಆ ಹುಡುಗ’ ಅಂತಾರೆ.

ಇನ್ನು ಮೂರು ತಿಂಗಳು ಕಾಯಬೇಕು. ಸಿಕ್ಕಿಬಿಟ್ಟರೆ ಇದೆಲ್ಲ ಆಗಿದ್ದಕ್ಕೂ ಒಂದು ಅರ್ಥ ಬರತ್ತೆ ಅಲ್ವಾ? ಅಷ್ಟು ಹೇಳಿ ಸಾಕು.

ಮೇಲಿನವನು


ನವೆಂಬರ್ 26

ನಿನ್ನ ಹೆಸರಿಲ್ಲ.

ಅಧಿಕೃತ ಪತ್ರ ಇನ್ನೆರಡು ವಾರಕ್ಕೆ ಬರತ್ತೆ. ಅದರಲ್ಲಿ ಕಾರಣ ಅರ್ಧ ಸಾಲು ಇರತ್ತೆ, ಪೂರ್ತಿ ನಾನು ಹೇಳ್ತೀನಿ. ಸಮಿತಿ ನಿನ್ನನ್ನ ಆರಿಸಿತ್ತು. ಹತ್ತು ಜನರ ಪಟ್ಟಿಯಲ್ಲಿ ನೀನು ಆರನೆಯವನು. ಆ ಪಟ್ಟಿ ಟೈಪ್ ಮಾಡಿದ್ದೇ ನಾನು. ಎರಡನೇ ಪುಟದ ಪಕ್ಕದಲ್ಲಿ ಯಾರೋ ಪೆನ್ಸಿಲ್‌ನಲ್ಲಿ ‘ಅಪರೂಪ’ ಅಂತ ಬರೆದಿದ್ರು.

ಆಮೇಲೆ ಫೈಲು ಕ್ರೆಡಿಟ್ ಶಾಖೆಗೆ ಹೋಯ್ತು. ಅದು ಬೇರೆ ಕಟ್ಟಡ, ಅಲ್ಲಿ ಯಾರೂ ಕನ್ನಡಕ ಒರೆಸಿಕೊಳಲ್ಲ. ಹಳೇ ಕಾಲೇಜಿನ ಯಾವ ಮಾರ್ಕ್ಸು ಇಲ್ಲಿ ಲೆಕ್ಕಕ್ಕೆ ಬರತ್ತೆ ಅಂತ ಅವರು ನೋಡೋದು. ಮೂರು ಸೆಮಿಸ್ಟರ್ ಲ್ಯಾಬು ಬೀಗ ಹಾಕಿತ್ತು ಅಂತ ನೀನೇ ಬರೆದಿದೀಯ, ಮೇಷ್ಟ್ರು ನಿಜ ಅಂತ ಸಹಿ ಹಾಕಿದಾರೆ. ಹಾಗಾದ್ರೆ ನಿನ್ನ ಹದಿನೆಂಟು ಪ್ರಯೋಗಕ್ಕೆ ಒಂಬತ್ತು ಪಾಯಿಂಟ್ ಎಂಟು ಎಲ್ಲಿಂದ ಬಂತು? ಸರಿಯಾದ ಪ್ರಶ್ನೆ. ಲ್ಯಾಬಿನ ಕ್ರೆಡಿಟ್ಟು ಪೂರ್ತಿ ರದ್ದು. ಅದು ಹೋದ ಮೇಲೆ ವರ್ಗಾವಣೆಗೆ ಬೇಕಾದಷ್ಟು ಕ್ರೆಡಿಟ್ಟಿಲ್ಲ. ಅರ್ಜಿ ವಜಾ. ಕಾಯುವ ಪಟ್ಟಿಯಲ್ಲಿದ್ದ ಒಬ್ಬಳು ಒಳಗೆ ಬಂದಳು.

ನನ್ನದೂ ಇದೇ ಮಾತು, ಇದೇ ಸಹಿ, ಇಪ್ಪತ್ನಾಲ್ಕು ಪ್ರಯೋಗ. ಯಾರೂ ಏನೂ ಕೇಳಲಿಲ್ಲ. ಆ ವರ್ಷ ಆ ಶಾಖೆಯಲ್ಲಿ ಯಾರೋ ಸೋಮಾರಿ ಇದ್ದಿರಬೇಕು. ಇದಕ್ಕೇ ಅದೃಷ್ಟ ಅನ್ನೋದು.

ನಲವತ್ತು ಅಂದಿದ್ದೆ. ಮಿಕ್ಕ ಅರವತ್ತು ಆಯ್ತು. ನಾನು ಸುಳ್ಳು ಹೇಳಿರಲಿಲ್ಲ. ಎರಡನೇ ಅರ್ಜಿಗೆ ಅವಕಾಶ ಇಲ್ಲ ಅಂತ ಮೊದಲೇ ಬರೆದಿದ್ದೆ. ಇನ್ನು ನನಗೆ ಬರೀಬೇಡ.

ಮೇಷ್ಟ್ರ ಮಗಳು


ಡಿಸೆಂಬರ್ 5

ಬರೀಬೇಡ ಅಂದಿದೀರಿ. ಇದೊಂದು.

ನಿಮ್ಮ ಪತ್ರ ಓದಿ ನೇರ ಕೆಳಗೆ ಇಳಿದು ಬಂದು ಮೇಷ್ಟ್ರಿಗೆ ಎಲ್ಲಾ ಹೇಳಿಬಿಟ್ಟೆ. ಜೂನ್‌ನಿಂದ ನೀವು ಬರೆದ ಪತ್ರಗಳನ್ನೂ ಅವರ ಮುಂದೆ ಇಟ್ಟೆ. ಅವರು ಮುಟ್ಟಲಿಲ್ಲ. ‘ಅವಳ ಅಕ್ಷರ ಕೆಟ್ಟಿದೆ’ ಅಂದ್ರು ಅಷ್ಟೆ. ನಾನು ಅತ್ತೆ. ಹತ್ತೊಂಬತ್ತು ವರ್ಷದವನು ಹಾಗೆ ಅಳಬಾರದು. ಅವರು ಬೆನ್ನ ಮೇಲೆ ಕೈಯಿಟ್ಟು ‘ಹೋಗಲಿ ಬಿಡು, ನಾನು ಇದೀನಲ್ಲ’ ಅಂದ್ರು. ಅವರ ಬಗ್ಗೆ ಅಂಥಾ ಮಾತು ಬರೆದವನಿಗೆ ಹಾಗೆ ಅಂದ್ರು. ನೀವು ಭುಜ ಇಳಿದಿದೆ ಅಂತ ಬರೆದಿದ್ರಿ. ನನ್ನ ಎರಡೂ ಭುಜ ಇಳಿದು ಹೋದ್ರೂ ಇನ್ನು ಅವರನ್ನ ಬಿಟ್ಟು ಹೋಗಲ್ಲ.

ಆದ್ರೆ ನಿಮ್ಮನ್ನ ಬಿಡಲ್ಲ. ನನ್ನ ಹದಿನೆಂಟು ರದ್ದಾದ್ರೆ ನಿಮ್ಮ ಇಪ್ಪತ್ನಾಲ್ಕು ಹೇಗೆ ದಾಟಿದ್ವು ಅಂತ ಕ್ರೆಡಿಟ್ ಶಾಖೆಗೆ ಬರೆದಿದೀನಿ. ಪತ್ರ ಮೇಜಿನ ಮೇಲಿದೆ. ಸೋಮವಾರ ಪೋಸ್ಟು. ನಿಮ್ಮದೇ ಲೆಕ್ಕದಲ್ಲಿ ಹೇಳಿ ನೋಡೋಣ, ನೀವು ಅಲ್ಲೇ ಉಳಿಯೋ ಚಾನ್ಸ್ ಎಷ್ಟು?

ನಿಮ್ಮ ಮಾಜಿ ಅಭಿಮಾನಿ


ಡಿಸೆಂಬರ್ 17

ಮಗಳಿಗೆ,

ಆ ಹುಡುಗ ಕ್ರೆಡಿಟ್ ಶಾಖೆಗೆ ಬರೆದ ಪತ್ರ ಪೋಸ್ಟಿಗೆ ಹೋಗಿಲ್ಲ, ಹೋಗುವುದೂ ಇಲ್ಲ. ಬೇಡವೆಂದು ನಾನು ಹೇಳಿದೆ, ಅವನು ಹರಿದು ಹಾಕಿದ. ಈಗ ನಾನು ಹೇಳಿದ್ದನ್ನೆಲ್ಲ ಮಾಡುತ್ತಾನೆ. ನೀನು ಹೆದರಿಕೊಂಡು ಕೂರಬಾರದೆಂದು ಬರೆಯುತ್ತಿದ್ದೇನೆ. ಪರೀಕ್ಷೆ ಹತ್ತಿರ ಬಂದಿರಬೇಕು.

ಇನ್ನೊಂದು ವಿಷಯವಿದೆ. ಕ್ರೆಡಿಟ್ ಶಾಖೆಯಲ್ಲಿ ಆ ವರ್ಷ ಸೋಮಾರಿಗಳು ಯಾರೂ ಇರಲಿಲ್ಲ. ನಿನ್ನ ಅರ್ಜಿ ಹೋದ ಮೇಲೆ ಅಲ್ಲಿಂದ ನನಗೊಂದು ಪತ್ರ ಬಂದಿತ್ತು. ಪ್ರಯೋಗಾಲಯ ಮುಚ್ಚಿದ್ದರೆ ಈ ವಿದ್ಯಾರ್ಥಿನಿಗೆ ಇಪ್ಪತ್ನಾಲ್ಕು ಪ್ರಯೋಗಗಳ ಅಂಕ ಹೇಗೆ ಬಂತು, ಹದಿನೈದು ದಿನಗಳಲ್ಲಿ ವಿವರಣೆ ಕೊಡಿ ಎಂದು. ಪ್ರಯೋಗಾಲಯವನ್ನು ಮುಚ್ಚಿಟ್ಟದ್ದು ನನ್ನ ತಪ್ಪು, ಈ ಒಬ್ಬಳು ಮಾತ್ರ ಬಿಡದೆ ಕಾಡಿ ರಜಾದಿನಗಳಲ್ಲಿ ಬಾಗಿಲು ತೆಗೆಸಿ ಎಲ್ಲ ಪ್ರಯೋಗಗಳನ್ನೂ ನನ್ನ ಕಣ್ಣೆದುರಿಗೇ ಮಾಡಿದ್ದಾಳೆ ಎಂದು ಬರೆದೆ. ನಿನ್ನ ನಾಲ್ಕೂ ರೆಕಾರ್ಡ್ ಪುಸ್ತಕಗಳನ್ನು ಪಾರ್ಸೆಲ್ ಮಾಡಿದೆ. ಕಾಲೇಜಿನವರಿಗೂ ಅದರ ಪ್ರತಿ ಹೋಯಿತು. ಆ ವರ್ಷ ನನಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ನಿನ್ನ ಪ್ರಬಂಧ ನೋಡಿ ಸಮಿತಿ ನಿನ್ನನ್ನು ಆರಿಸಿತು. ಒಳಗೆ ಬಿಟ್ಟದ್ದು ನನ್ನ ಪತ್ರ. ಯಾರ ಕೈಯೂ ಹಿಡಿಯದೆ ಬಂದವರೇ ಅಲ್ಲಿಗೆ ಬೇಕೆಂದು ನೀನು ಆ ಹುಡುಗನಿಗೆ ಬರೆದದ್ದನ್ನು ಆಮೇಲೆ ಓದಿದೆ. ಅದಕ್ಕೇ ಇದನ್ನು ಹೇಳಬೇಕೆನಿಸಿತು.

ಈ ಸಲ ಅವನ ವಿಷಯದಲ್ಲೂ ಅದೇ ಪತ್ರ ಬಂತು. ಅದೇ ಹದಿನೈದು ದಿನ. ಅವನ ಮೂರೂ ರೆಕಾರ್ಡ್ ಪುಸ್ತಕಗಳು ನನ್ನ ಬೀರುವಿನಲ್ಲೇ ಇದ್ದವು. ನಿನ್ನವಕ್ಕಿಂತ ಚೊಕ್ಕವಾಗಿವೆ.

ನಾನು ಉತ್ತರ ಬರೆಯಲಿಲ್ಲ.

ಅವನ ಮೇಲೆ ಸಿಟ್ಟಿನಿಂದ ಹಾಗೆ ಮಾಡಿದೆ ಎಂದು ತಿಳಿಯಬೇಡ. ಸಿಟ್ಟು ಇದ್ದದ್ದು ನಿನ್ನ ಮೇಲೆ. ಅದನ್ನು ನಿನ್ನ ಮೇಲೆ ತೀರಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಎರಡು ವರ್ಷ ಹಾಗೇ ಇಟ್ಟುಕೊಂಡಿದ್ದೆ. ಅವನು ನಿನ್ನದೇ ಮಾತುಗಳನ್ನು ಹಿಡಿದು ತಂದು ನನ್ನ ಮುಂದೆ ನಿಂತಾಗ ಎಲ್ಲಿ ಇಳಿಸಬೇಕೆಂದು ಗೊತ್ತಾಯಿತು.

ಇದು ಅವನಿಗೆ ತಿಳಿಯದು. ನನ್ನನ್ನು ಬಹಳ ದೊಡ್ಡ ಮನುಷ್ಯ ಎಂದುಕೊಂಡಿದ್ದಾನೆ. ಹೇಳಬೇಕೆಂದು ನಿನಗೆ ಅನಿಸಿದರೆ ಹೇಳು. ಆಗ ನಿನ್ನ ಇಪ್ಪತ್ನಾಲ್ಕು ಹೇಗೆ ದಾಟಿದವು ಎಂಬುದನ್ನೂ ನೀನೇ ಹೇಳಬೇಕಾಗುತ್ತದೆ. ನೀನು ಹೇಳುವುದಿಲ್ಲ.

ನಿನ್ನಮ್ಮ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಅವನ ವಿಷಯದ ಪತ್ರ ಬಂದ ದಿನ ಬಾಗಿಲಲ್ಲಿ ಇದ್ದು ಅದನ್ನು ತೆಗೆದುಕೊಂಡವಳು ಅವಳೇ.

ಓವನ್ ಸರಿಯಿದೆ. ಹೊಸ ಬ್ಯಾಚಿನಲ್ಲಿ ನಲವತ್ತೆರಡು ಮಕ್ಕಳು, ಅವರ ಮಾದರಿಗಳನ್ನು ಅವನೇ ತೂಗಿಸುತ್ತಾನೆ. ಭಾನುವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಬಾಗಿಲು ತೆಗೆದಿರುತ್ತಾನೆ, ಬೀಗದ ಕೈ ಅವನಿಗೇ ಕೊಟ್ಟಿದ್ದೇನೆ. ನೀನು ಹೋದಾಗಿನಿಂದ ಪ್ರಯೋಗಾಲಯಕ್ಕೆ ಒಬ್ಬ ಸಹಾಯಕ ಬೇಕೆಂದು ಕಾಲೇಜಿಗೆ ಅರ್ಜಿ ಕೊಡುತ್ತಲೇ ಇದ್ದೆ. ಹೋದ ವಾರ ಕಚೇರಿಗೆ ಹೋಗಿ, ಇನ್ನು ಅಗತ್ಯವಿಲ್ಲ ಎಂದು ಬರೆದು ಸಹಿ ಹಾಕಿ ಬಂದೆ.

ಇಂತಿ,
ಅಪ್ಪ